ಎಡಕ್ಕೆ ಸುತ್ತಿದ ಕೊಂಡಿ

ಮೀನು ಮುಟ್ಟದ ಮನೆಗೆ ಸೊಸೆಯಾಗಿ ಬಂದ ನಾನು ಗಾಳಕ್ಕೆ ಕೊಂಡಿ ಮಾಡುವುದನ್ನು ಕಲಿತದ್ದು ಮದುವೆಯಾದ ಐದನೆಯ ತಿಂಗಳಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ತುರುವೇಕೆರೆಯಿಂದ ಮಾಯಸಂದ್ರಕ್ಕೆ ಹೋಗುವ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ಒಂದು ಮೈಲಿ ನಡೆದರೆ ಸಿಗುತ್ತಿತ್ತು. ಹತ್ತಿರದ ಸಂಪಿಗೆ ಊರಿನ ಶ್ರೀನಿವಾಸ ಮನೆದೇವರು. ಅಡುಗೆಮನೆಗೆ ಮೊಟ್ಟೆಯ ಸಿಪ್ಪೆಯೂ ಬರುವಂತಿರಲಿಲ್ಲ.

ಅದರಲ್ಲಿ ನನಗೇನೂ ಕಷ್ಟವಿರಲಿಲ್ಲ. ನನ್ನ ತವರಿನಲ್ಲೂ ಅದೇ ಪದ್ಧತಿ. ಏಳು ವರ್ಷ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದೆ ನಿಜ. ಅಲ್ಲಿ ಊಟದ ಮನೆಯಲ್ಲಿ ಎರಡು ಸಾಲು. ಶುಕ್ರವಾರ ಒಂದು ಸಾಲಿಗೆ ಮೀನು, ಇನ್ನೊಂದು ಸಾಲಿಗೆ ಮೊಸರು. ಏಳು ವರ್ಷವೂ ನಾನು ಮೊಸರಿನ ಸಾಲಿನಲ್ಲೇ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಉಂಡವಳು. ಈ ಮಾತನ್ನು ಯಾಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆಂದರೆ, ಮುಂದೆ ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಅವಕಾಶ ಕೊಡಲಿಲ್ಲ.

ಮೊದಲನೆಯ ಶ್ರಾವಣದಲ್ಲಿ ಅತ್ತೆ ನನ್ನ ಕೈಗೆ ಒನಕೆ ಕೊಟ್ಟರು. ಶ್ರಾವಣ ಶನಿವಾರ ದೇವರಿಗೆ ತಂಬಿಟ್ಟಿನ ಆರತಿ ಎತ್ತುವುದು ಆ ಮನೆಯ ದೊಡ್ಡ ಕೆಲಸ. ಹುರಿದ ಅಕ್ಕಿ, ಹುರಿಗಡಲೆ, ಗಸಗಸೆ, ಬೆಲ್ಲ, ನಮ್ಮದೇ ಅಟ್ಟದ ಕೊಬ್ಬರಿ. ಅದನ್ನು ಮನೆಯ ಸೊಸೆಯೇ ತಲೆಗೆ ನೀರು ಹಾಕಿಕೊಂಡು, ಬಾಯಿ ಬಿಡದೆ ಕುಟ್ಟಬೇಕು. ನಾನು ಕುಟ್ಟಿದೆ. ಮಾವ ಒಂದು ಚೂರು ಬಾಯಿಗೆ ಹಾಕಿಕೊಂಡು, "ಕಾನ್ವೆಂಟ್‍ನಾಗೆ ಓದಿರೋ ಕೈ ಅಂತ ಹೆದರಿದ್ದೆ ಕಣವ್ವ. ಪಾಸ್ ಆದೆ ಬುಡು" ಎಂದರು. ಆ ಒಂದು ಮಾತಿನಿಂದ ಆ ಮನೆಯ ನೆಲ ನನ್ನ ಪಾದಕ್ಕೆ ಹೊಂದಿಕೊಂಡಿತು.

ಅದಾಗಿ ಕೆಲವು ವಾರಕ್ಕೆ, ಅತ್ತೆ ಮಾವ ತಿಪಟೂರಿಗೆ ಹೋಗಿದ್ದ ದಿನ, ನನ್ನ ಯಜಮಾನರು ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿ ತಂದು ನನ್ನ ಮುಂದೆ ಇಟ್ಟರು. ಒಳಗೆ ಹೊಳೆಯುವ ತಗಡಿನ ಚಮಚಗಳು, ಹಿಡಿಯಿಲ್ಲದವು, ಬಾಲಕ್ಕೆ ಮೂರು ಮುಳ್ಳಿನ ಗಾಳ. ಒಂದು ರಬ್ಬರಿನ ಕಪ್ಪೆ. ನಾಲೆಯ ಅಳತೆಗೆ ಬಂದಿದ್ದ ಎಂಜಿನಿಯರೊಬ್ಬರು ಬೇರೆ ಊರಿಗೆ ವರ್ಗವಾದಾಗ, ಮೀನು ಹಿಡಿಯುವ ತಮ್ಮ ರೀಲು, ರಾಡು, ಈ ಡಬ್ಬಿ ಎಲ್ಲವನ್ನೂ ಇವರಿಗೆ ಬಿಟ್ಟುಹೋಗಿದ್ದರಂತೆ. ರಾಡು ತೋಟದ ಪಂಪ್‍ಮನೆಯ ಸೂರಿನಲ್ಲಿತ್ತು.

"ನಾನು ತಿನ್ನಲ್ಲ ಕಣೆ. ಹಿಡಿಯೋ ಖುಷಿಗೆ ಹಿಡೀತೀನಿ, ಯಾರಿಗಾದ್ರೂ ಕೊಟ್ಬುಡ್ತೀನಿ" ಎಂದರು. "ಯಾರ್ಗೂ ಹೇಳ್ಬ್ಯಾಡ. ಇದು ನಮ್ಮಿಬ್ಬರದೇ."

ನಮ್ಮಿಬ್ಬರದೇ ಎನ್ನುವಂಥದ್ದು ಆ ಮನೆಯಲ್ಲಿ ಅದುವರೆಗೆ ಏನೂ ಇರಲಿಲ್ಲ. ಹಾಸಿಗೆಯ ಹೊದಿಕೆಯನ್ನೂ ಅತ್ತೆಯೇ ಎಣಿಸಿ ಕೊಡುತ್ತಿದ್ದರು. ನಾನು ತಲೆಯಾಡಿಸಿದೆ.

ಡಬ್ಬಿಯ ತಳದಲ್ಲಿ ತುಕ್ಕು ಹಿಡಿದ ನಾಲ್ಕಾರು ಸಣ್ಣ ತಂತಿಯ ತುಂಡುಗಳಿದ್ದವು. ಸೇಫ್ಟಿ ಪಿನ್ನಿನ ತಮ್ಮನಂತಿದ್ದವು. ಎಂಜಿನಿಯರು ಅವನ್ನು ಸ್ನ್ಯಾಪ್ ಎನ್ನುತ್ತಿದ್ದರಂತೆ. ಇವರು ಕೊಂಡಿ ಎನ್ನುತ್ತಿದ್ದರು. ದಾರದ ತುದಿಗೆ ಕೊಂಡಿ ಕಟ್ಟಿಬಿಟ್ಟರೆ, ಪ್ರತಿ ಸಲ ಗಂಟು ಬಿಚ್ಚಿ ಹಾಕುವ ರಗಳೆಯಿಲ್ಲ. ಒತ್ತಿ ತೆರೆದು ಈ ಚಮಚ ತೆಗೆದು ಆ ಚಮಚ ಸಿಕ್ಕಿಸಬಹುದು. ಆದರೆ ಹಳೆಯವು ಒತ್ತಿದರೆ ಮುರಿಯುತ್ತಿದ್ದವು. ಹೊಸದು ತಿಪಟೂರಿನಲ್ಲೂ ಸಿಗುತ್ತಿರಲಿಲ್ಲ.

"ನಿಮ್ಮ ಹತ್ತಿರ ತಂತಿ ಇದೆಯೇನ್ರೀ?" ಎಂದೆ.

ನನ್ನ ಟ್ರಂಕಿನಲ್ಲಿ ಒಂದು ದುಂಡು ಮೂತಿಯ ಇಕ್ಕಳವಿತ್ತು. ಕಾನ್ವೆಂಟಿನಲ್ಲಿ ಸಂಜೆ ಕೈಕೆಲಸದ ತರಗತಿಯಲ್ಲಿ ನಮ್ಮಿಂದ ಜಪಮಾಲೆ ಮಾಡಿಸುತ್ತಿದ್ದರು. ಒಂದೊಂದು ಮಣಿಗೂ ತಂತಿ ತೂರಿಸಿ, ಎರಡೂ ಕಡೆ ಸುರುಳಿ ಸುತ್ತಿ, ತುದಿ ಬೆರಳಿಗೆ ಚುಚ್ಚದಂತೆ ಒಳಗೆ ಮಡಿಸಬೇಕು. ವಯಸ್ಸಾದ ಸಿಸ್ಟರ್ ಒಬ್ಬರು ಸುರುಳಿಯ ಮೇಲೆ ರೇಷ್ಮೆ ಬಟ್ಟೆಯ ಚೂರು ಎಳೆದು ನೋಡುತ್ತಿದ್ದರು. ಒಂದೆಳೆ ಸಿಕ್ಕಿಕೊಂಡರೂ ಬಿಚ್ಚಿಸುತ್ತಿದ್ದರು. ಶಾಲೆ ಬಿಡುವಾಗ ಆ ಇಕ್ಕಳವನ್ನು ನನಗೇ ಕೊಟ್ಟಿದ್ದರು. ಅದು ಮೀನಿನ ಗಾಳಕ್ಕೆ ಉಪಯೋಗವಾಗುತ್ತದೆಂದು ಪಾಪ ಅವರಿಗೆ ಹೇಗೆ ಗೊತ್ತು.

ಇವರು ಪೇಟೆಯಿಂದ ಎರಡು ದಪ್ಪದ ಉಕ್ಕಿನ ತಂತಿ ತಂದರು. ನಾನು ಹಳೆಯ ಕೊಂಡಿ ನೋಡಿಕೊಂಡು ಮೊದಲನೆಯದನ್ನು ಮಾಡಿದೆ. ದಪ್ಪ ತಂತಿಯದು, ಗಟ್ಟಿ. ಮಾರನೆಯ ದಿನ ಇವರು ಮುಖ ಸಪ್ಪೆ ಮಾಡಿಕೊಂಡು ಬಂದರು.

"ಏನಾಯ್ತು?"

"ಚಮ್ಚ ಒದ್ದಾಡ್ತಾನೇ ಇಲ್ಲ ಕಣೆ. ನಿನ್ನ ಕೊಂಡಿ ಭಾರಕ್ಕೆ ತಲೆ ಬಗ್ಗಿಸ್ಕೊಂಡು ನೆಟ್ಟಗೆ ಬತ್ತೈತೆ. ತಲೆ ಬಗ್ಗಿಸ್ಕೊಂಡು ಬರೋದನ್ನ ಯಾವ ಮೀನೂ ನೋಡಲ್ಲ."

"ಸೊಸೆಯಂದಿರು ಮಾತ್ರ ಹಾಗೇ ಬರಬೇಕು ಅಂತೀರಲ್ಲ."

ಅವರು ಜೋರಾಗಿ ನಕ್ಕರು. ಹೊರಗೆ ಅತ್ತೆಗೆ ಕೇಳಿಸೀತೆಂದು ನಾನು ಅವರ ಬಾಯಿ ಮುಚ್ಚಿದೆ. ಆ ನಗು ನನಗೆ ಈಗಲೂ ನೆನಪಿದೆ. ಅದನ್ನು ಸುಳ್ಳೆನ್ನಲು ಮನಸ್ಸು ಒಪ್ಪುವುದಿಲ್ಲ.

ಹಾಗೆ ಒಂದೊಂದಾಗಿ ಕಲಿತೆ. ಕೆರೆಯ ನಡುವಿನ ಬಯಲು ನೀರಿನಲ್ಲಿ ಸಣ್ಣ ಚಮಚ ಎಸೆದು ನಿಧಾನವಾಗಿ ಎಳೆಯುವಾಗ ತೆಳು ತಂತಿಯ ಕೊಂಡಿ ಬೇಕು, ಅದರ ಮುಂಭಾಗ ದುಂಡಗಿರಬೇಕು. ಆ ದುಂಡಿನೊಳಗೆ ಚಮಚ ಅತ್ತಿತ್ತ ಓಲಾಡಿದರೇ ಅದು ಮರಿಮೀನಿನ ಹಾಗೆ ಕಾಣುವುದು. ಹುಲ್ಲು ಜೊಂಡು ಇರುವ ಅಂಚಿನಲ್ಲಿ ಕೊರವ ಮೀನಿಗೆ ರಬ್ಬರ್ ಕಪ್ಪೆ ಆಡಿಸುವುದಾದರೆ ದುಂಡು ಬೇಡ. ಕೊಂಡಿ ಸೂಜಿಯ ಹಾಗೆ ಕಿರಿದಾಗಿ, ತುದಿ ಒಳಗೆ ಮಡಿದಿರಬೇಕು. ಇಲ್ಲವಾದರೆ ಎಸೆದ ಪ್ರತಿ ಸಲವೂ ಒಂದು ಹಿಡಿ ಹುಲ್ಲು ಬರುತ್ತದೆ. ಸಿಸ್ಟರ್ ಹೇಳಿಕೊಟ್ಟ ರೇಷ್ಮೆಯ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಂತು. ಕೆರೆ ತುಂಬಿ ಕೋಡಿ ಬಿದ್ದಾಗ ಆ ರಭಸದಲ್ಲಿ ಬಾಳೆಮೀನಿಗೆ ದೊಡ್ಡ ಚಮಚ; ಅದಕ್ಕೆ ದಪ್ಪ ತಂತಿ, ತುದಿ ತಂತಿಯ ಮೇಲೇ ಕೊಕ್ಕೆಯಾಗಿ ಕೂತು, ಎಳೆದಷ್ಟೂ ಬಿಗಿಯಾಗುವಂಥದ್ದು. ದೊಡ್ಡ ಚಮಚ ಗಿರಗಿರನೆ ತಿರುಗಿ ದಾರ ಹುರಿಗೊಳ್ಳುತ್ತದೆಂದು ಅದರ ಹಿಂದೆ ಎಂಜಿನಿಯರ ಹಳೆಯ ತಿರುಗಣಿಯೊಂದನ್ನು ಸೇರಿಸುತ್ತಿದ್ದೆ. ಇನ್ನು ಎರೆಹುಳು ಸಿಕ್ಕಿಸಿ ಏರಿಯ ಮೇಲೆ ಸುಮ್ಮನೆ ಕೂರುವವರಿಗೆ ಕೊಂಡಿಯೇ ಬೇಡ, ಒಂದು ಗಂಟು ಸಾಕು. "ಅವ್ರು ಮೀನು ಹಿಡಿಯೋಕೆ ಬಂದೋರಲ್ಲ ಕಣೆ, ಹೆಂಡ್ತೀರ ಕಾಟ ತಪ್ಪಿಸ್ಕೊಳಕ್ಕೆ ಬಂದೋರು" ಎನ್ನುತ್ತಿದ್ದರು ಇವರು.

ದಪ್ಪದ ಕೊಂಡಿಗಳನ್ನು ಕೊಡುವ ಮುಂಚೆ ಅಟ್ಟದ ಏಣಿಯ ಮೊಳೆಗೆ ಸಿಕ್ಕಿಸಿ, ಅದರಲ್ಲಿ ಜುಟ್ಟು ಕಟ್ಟಿದ ಎರಡು ಜೊತೆ ತೆಂಗಿನಕಾಯಿ ತೂಗುಬಿಟ್ಟು ನೋಡುತ್ತಿದ್ದೆ. ಅನ್ನ ಬೇಯುವಷ್ಟು ಹೊತ್ತು ತಡೆದರೆ ಸರಿ. ಆಮೇಲೆ ನನ್ನ ಹಳೆಯ ನೋಟುಪುಸ್ತಕದ ಹಾಳೆ ಹರಿದು ಪೊಟ್ಟಣ ಮಾಡಿ, ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದೆ: ‘ಬಯಲು ನೀರಿಗೆ’, ‘ಹುಲ್ಲಿಗೆ’, ‘ಕೋಡಿಗೆ’.

ಎರಡನೆಯ ವರ್ಷದ ಬೇಸಿಗೆ ಮಳೆಗೆ ಕೆರೆಗೆ ಹೊಸ ನೀರು ಬಂತು. ಇವರು ಒಂದು ದಪ್ಪ ಕೊಂಡಿ ಬೇಕೇಬೇಕೆಂದರು. ಈಳಿಗೆಮಣೆಯಲ್ಲಿ ನನ್ನ ಬಲಗೈ ಹೆಬ್ಬೆರಳು ಕುಯ್ದುಕೊಂಡು ಬಟ್ಟೆ ಸುತ್ತಿದ್ದೆ. ಎಡಗೈಯಲ್ಲೇ ಇಕ್ಕಳ ಹಿಡಿದು ಮಾಡಿದೆ. ಮುಗಿಸಿ ನೋಡಿದರೆ ಸುರುಳಿ ಉಲ್ಟಾ, ಎಡಕ್ಕೆ ಸುತ್ತಿಕೊಂಡಿತ್ತು. ನಾನು ಮಾಡಿದ್ದರಲ್ಲಿ ಹಾಗಿದ್ದದ್ದು ಅದೊಂದೇ. ಕಾಯಿ ತೂಗುಬಿಟ್ಟರೆ ಗಟ್ಟಿಯಾಗಿಯೇ ನಿಂತಿತು. ಎರಡು ದಿನವಾದ ಮೇಲೆ ಇವರು, "ಹೋಯ್ತು ಕಣೆ. ಬಾಳೆಮೀನು ಚಮ್ಚ ಸಮೇತ ಎಳ್ಕೊಂಡು ಹೋಯ್ತು. ದಾರಾನೇ ಕಿತ್ತೋಯ್ತು" ಎಂದರು. ದಾರ ತಾನೇ ಕಿತ್ತದ್ದು, ಕೊಂಡಿಯಲ್ಲವಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಈಗ ಅಟ್ಟದ ವಿಷಯ ಹೇಳಬೇಕು. ನಮ್ಮ ಕಡೆ ಕೊಬ್ಬರಿ ಮಾಡುವುದು ಕಾಯಿ ಒಡೆದು ಬಿಸಿಲಿಗೆ ಹಾಕಿ ಅಲ್ಲ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುವುದು. ಕೆಳಗಿನ ಒಲೆಯ ಶಾಖಕ್ಕೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಅಲುಗಿಸಿದರೆ ಗಡಗಡ ಎನ್ನುತ್ತದೆ. ಅವಧಿ ತುಂಬುವ ಮುಂಚೆ ಅಟ್ಟಕ್ಕೆ ಯಾರೂ ಕೈಹಾಕುವುದಿಲ್ಲ. ಅದಕ್ಕೇ ಇವರು ಡಬ್ಬಿಯನ್ನು ಏಣಿಯ ಪಕ್ಕದ ಮೂಲೆಯಲ್ಲಿ ಕಾಯಿಗಳ ಹಿಂದೆ ಬಚ್ಚಿಡುತ್ತಿದ್ದದ್ದು. ಬೀರುವಿಗಿಂತ ಭದ್ರ ಎಂದುಕೊಂಡಿದ್ದೆವು ಇಬ್ಬರೂ.

ಆ ವರ್ಷ ಆಷಾಢ ಮುಗಿಯುವ ಹೊತ್ತಿಗೆ ಕೊಬ್ಬರಿಗೆ ಒಳ್ಳೆಯ ಬೆಲೆ ಬಂತು. ಮಾವ ತಿಪಟೂರಿನಿಂದ ಬಂದವರೇ, "ಎರಡು ತಿಂಗಳು ಮುಂಚೆಯಾದ್ರೂ ಆಗ್ಲಿ, ಇಳಿಸ್ಬುಡಿ" ಎಂದರು. ಮಾರನೆಯ ಬೆಳಿಗ್ಗೆ ಕಾಯಿ ಸುಲಿಯುವ ಆಳು ಅಟ್ಟ ಹತ್ತಿ ಕಾಯಿ ತಳ್ಳತೊಡಗಿದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇವರು ಏಣಿಯ ಕಡೆ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಕಾಯಿಗಳ ಜೊತೆ ಡಬ್ಬಿಯೂ ಉರುಳಿ ಅಂಗಳದ ಕಲ್ಲಿನ ಮೇಲೆ ಬಿದ್ದು ಬಾಯಿ ಬಿಟ್ಟಿತು. ಚಮಚಗಳು ಬಿಸಿಲಿಗೆ ಹೊಳೆದವು. ರಬ್ಬರ್ ಕಪ್ಪೆ ಎರಡು ಸಲ ಪುಟಿದು ಮಾವನ ಕಾಲ ಬಳಿ ಕೂತಿತು.

"ಏನ್ ಯಜಮಾನ್ರೇ, ಅಟ್ಟದಾಗೆ ಕಪ್ಪೆ ಸಾಕಿದ್ದೀರಾ?" ಎಂದು ಆಳು ಮೇಲಿನಿಂದಲೇ ನಕ್ಕ. ಆಮೇಲೆ ಗಾಳಗಳನ್ನು ಕಂಡು ಕಾಯಿ ತಳ್ಳುವುದನ್ನು ನಿಲ್ಲಿಸಿದ.

ಮಾವ ಬಗ್ಗಿ ಒಂದು ಪೊಟ್ಟಣ ಎತ್ತಿಕೊಂಡರು. ಕನ್ನಡಕ ಮೇಲೆತ್ತಿ ಓದಿದರು. "‘ಕೋಡಿಗೆ’." ಇನ್ನೊಂದನ್ನು ಎತ್ತಿಕೊಂಡರು. "ಯಾರ ಅಕ್ಷರ ಇದು?"

ಮನೆಯ ಹಾಲಿನ ಲೆಕ್ಕ ಬರೆಯುತ್ತಿದ್ದವಳು ನಾನೇ. ಅವರಿಗೆ ನನ್ನ ಅಕ್ಷರ ಗೊತ್ತಿತ್ತು.

"ನನ್ನದು ಮಾವ" ಎಂದೆ. ಉಳಿದದ್ದನ್ನು ಇವರು ಹೇಳುತ್ತಾರೆಂದು ಇವರ ಕಡೆ ನೋಡಿದೆ.

ಇವರು ಹೇಳಿದರು. "ಅವಳ್ದೇ ಕಣಪ್ಪ. ಕಾನ್ವೆಂಟ್‍ನಾಗೆ ಮೀನು ತಿಂದು ಅಭ್ಯಾಸ ಆಗೈತೆ. ಬಿಡೋಕಾಗ್ತಿಲ್ಲ ಅಂತ ಅಳ್ತಿದ್ಲು. ನಾನೇ ಒಂದೆರಡು ಸಲ ಹಿಡಿಸಿ ಕೊಟ್ಟೆ. ತೆಪ್ಪು ನಂದೂ ಐತೆ."

ಕೊನೆಯ ಮಾತನ್ನು ಎಷ್ಟು ಸಲೀಸಾಗಿ ಸೇರಿಸಿದರು. ಹೆಂಡತಿಯ ಮೇಲಿನ ಮಮತೆಗೆ ಸೋತ ಗಂಡ ಎನ್ನಿಸುವ ಹಾಗೆ. ಆಡುವಾಗ ಅವರ ಬೆರಳು ಡಬ್ಬಿಯ ಮೇಲಿನ ಬಿಸ್ಕತ್ತಿನ ಚಿತ್ರವನ್ನು ಉಗುರಿನಿಂದ ಕೆರೆಯುತ್ತಿತ್ತು. ನಾನು ಮನೆಯ ಕಡೆ ತಿರುಗಿದೆ. ನೋಡಿದರೆ, ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮಗನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅವರ ಬಲಗೈ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದಕೈ ಗೊಂಚಲನ್ನು ಸೆರಗಿನ ಸಮೇತ ಬಿಗಿಯಾಗಿ ಹಿಡಿದಿತ್ತು. ಸಿಟ್ಟಿಗೆ ಹಾಗೆ ಹಿಡಿದಿದ್ದಾರೆಂದು ಅಂದುಕೊಂಡೆ.

"ಇಲ್ಲ ಮಾವ, ನಾನು ಯಾವತ್ತೂ..." ಎಂದೆ ಕೊನೆಗೆ.

"ಅಕ್ಷರ ನಿಂದು ಅಂದ್ಯಲ್ಲವ್ವ" ಎಂದರು ಮಾವ. ಕೂಗಲಿಲ್ಲ. ಪೊಟ್ಟಣವನ್ನು ಡಬ್ಬಿಯೊಳಗೆ ಇಟ್ಟು, "ದೇವರ ಮನೆ ಕಡೆಗೆ ನೀನು ಹೋಗ್ಬ್ಯಾಡ. ತಂಬಿಟ್ಟು ನಿಮ್ಮತ್ತೇನೇ ಕುಟ್ಲಿ" ಎಂದು ಒಳಗೆ ಹೋದರು.

ಕೋಣೆಯಲ್ಲಿ ಇವರನ್ನು ಕೇಳಿದೆ: "ಯಾಕೆ ಹಾಗೆ ಹೇಳಿದ್ರಿ?"

"ನಂದು ಅಂದಿದ್ರೆ ಅಪ್ಪ ತೋಟದ ಕಡೆ ಕಾಲಿಡೋಕೆ ಬಿಡ್ತಿರಲಿಲ್ಲ ಕಣೆ. ನಿಂಗೇನು, ನಾಕು ದಿನ ಮುನಿಸ್ಕೊಂಡು ಸುಮ್ಕಾಗ್ತಾರೆ ಬುಡು. ಶ್ರಾವಣ ಕಳೀಲಿ, ನಾನೇ ನಿಜ ಹೇಳ್ತೀನಿ."

"ನೀವು ತಿನ್ನೋದೂ ನಿಜಾನಾ?"

ಅವರು ಗೋಡೆಯ ಕಡೆ ತಿರುಗಿ ಅಂಗಿ ತೂಗುಹಾಕಿದರು. ಒಂದೇ ಅಂಗಿ ತೂಗುಹಾಕಲು ಅಷ್ಟು ಹೊತ್ತು ಬೇಕೇ ಎಂದು ನೋಡುತ್ತ ಕೂತಿದ್ದೆ.

ಆ ಶ್ರಾವಣ ಕಳೆಯಿತು, ಇನ್ನೊಂದೂ ಕಳೆಯಿತು. ಮಾತು ತಾನಾಗಿ ಊರು ದಾಟಿ ನನ್ನ ತವರಿಗೂ ಹೋಯಿತು. ಅಪ್ಪ ಸಾಮಾನ್ಯವಾಗಿ ಪೋಸ್ಟ್‌ಕಾರ್ಡಿನ ಎರಡು ಮಗ್ಗುಲೂ ತುಂಬ ಬರೆಯುವವರು. ಆ ಸಲ ಒಂದೇ ಸಾಲು: ‘ನಿನ್ನನ್ನು ಕಾನ್ವೆಂಟಿಗೆ ಸೇರಿಸಿದ್ದು ನನ್ನ ತಪ್ಪಾಯಿತೇನಮ್ಮ?’ ಅಲ್ಲ ಎಂದು ನಾಲ್ಕು ಪುಟ ಬರೆದೆ. ಅಪ್ಪ ಉತ್ತರದಲ್ಲಿ ಮಳೆ ಬೆಳೆಯ ವಿಚಾರ ಬರೆದರು. ನಂಬಲಿಲ್ಲ ಎಂದು ಆ ಮಳೆ ಬೆಳೆಯಿಂದಲೇ ಗೊತ್ತಾಯಿತು.

ಡಬ್ಬಿ ಮಾವನ ಕೋಣೆ ಸೇರಿತ್ತು. ಇವರು ಕೆಲವು ತಿಂಗಳು ಸುಮ್ಮನಿದ್ದು, ಮತ್ತೆ ಎಲ್ಲಿಂದಲೋ ಎರಡು ಚಮಚ ತಂದರು. "ಒಂದೇ ಒಂದು ಕೊಂಡಿ ಮಾಡ್ಕೊಡೇ. ತೆಳ್ಳಂದು, ದುಂಡುಗಿರೋದು" ಎಂದರು. ಇಕ್ಕಳ ಸಿಗುತ್ತಿಲ್ಲ ಎಂದೆ. ಅದು ನನ್ನ ಮಡಿಲಲ್ಲೇ ಇತ್ತು; ಆ ನಡುವೆ ಹುಟ್ಟಿದ್ದ ಮಗುವಿನ ಕಾಲುಗೆಜ್ಜೆಯ ಸರಪಳಿ ಸರಿಮಾಡುತ್ತಿದ್ದೆ. ನೋಡಿದರು, ಎರಡೂ ಚಮಚ ಎತ್ತಿಕೊಂಡು ಹೋದರು. ಚಮಚಕ್ಕೆ ದಾರವನ್ನೇ ಗಂಟು ಹಾಕಿ ಎಸೆದರೆಂದು ಕಾಣುತ್ತದೆ. ಬಿಗಿ ಗಂಟಿಗೆ ಚಮಚ ಓಲಾಡುವುದಿಲ್ಲ. ಬರಿಗೈಲಿ ಬರುವುದು ಹೆಚ್ಚಾಯಿತು. ಕೊನೆಗೆ ಆ ರಾಡನ್ನು ಮಾಯಸಂದ್ರದ ಯಾರಿಗೋ ಕೊಟ್ಟುಬಿಟ್ಟರು.

ಇಷ್ಟಾದರೂ ಅತ್ತೆಯ ಮೇಲೆ ನನಗೆ ಬೇಸರವಿರಲಿಲ್ಲ. ಅವರು ನನ್ನನ್ನು ಒಂದು ದಿನವೂ ಚುಚ್ಚಿ ಆಡಿರಲಿಲ್ಲ. ಬಾಣಂತನದಲ್ಲಿ ನನ್ನ ಕಾಲಿಗೆ ತಾವೇ ಎಣ್ಣೆ ತಿಕ್ಕಿದವರು. ಮಗನ ಮಾತು ನಂಬಿಯೂ ಇಷ್ಟು ಒಳ್ಳೆಯವರಾಗಿದ್ದಾರಲ್ಲ ಎಂದು ಅವರ ಮೇಲೆ ನನಗೆ ಗೌರವ.

ಡಬ್ಬಿ ಬಿದ್ದ ಮೇಲಿನ ಮೂರನೆಯ ಶ್ರಾವಣಕ್ಕೆ ನಾಲ್ಕು ದಿನವಿತ್ತು. ಅತ್ತೆ ಜಗಲಿಯ ಮೇಲೆ ಕೂತು ಬೀಗದಕೈ ಗೊಂಚಲಿನೊಂದಿಗೆ ಹೆಣಗುತ್ತಿದ್ದರು. "ಈ ಉಗ್ರಾಣದ ಕೈ ಬೇರೆ ಮಾಡ್ಬೇಕು ಕಣವ್ವ, ನನ್ನ ಬೆರಳಾಗೆ ಆಗ್ತಿಲ್ಲ. ನೋಡು" ಎಂದು ನನ್ನ ಕೈಗೆ ಕೊಟ್ಟರು. ಆ ಗೊಂಚಲನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೆಳ್ಳಿಯ ಕೊಕ್ಕೆಯ ಕೆಳಗೆ, ಮೂರು ದೊಡ್ಡ ಬೀಗದಕೈಗಳನ್ನು ಹಿಡಿದುಕೊಂಡಿದ್ದದ್ದು ಒಂದು ಉಕ್ಕಿನ ಕೊಂಡಿ. ದಪ್ಪ ತಂತಿ. ಸುರುಳಿ ಎಡಕ್ಕೆ ಸುತ್ತಿತ್ತು.

ಬಾಳೆಮೀನು ಎಳೆದುಕೊಂಡು ಹೋಯಿತೆಂದು ಇವರು ಹೇಳಿದ್ದ ಅದೇ ಕೊಂಡಿ. ಡಬ್ಬಿ ಬೀಳುವುದಕ್ಕೆ ಎರಡು ತಿಂಗಳು ಮುಂಚೆಯೇ.

"ಇದು ನಿಮಗೆ ಎಲ್ಲಿ ಸಿಕ್ತು ಅತ್ತೆ?"

ಅವರು ಎಲೆಗೆ ಸುಣ್ಣ ಸವರುತ್ತಿದ್ದರು. "ಅವನ ಅಂಗಿ ಜೇಬ್ನಾಗೆ. ಬಟ್ಟೆ ಅಗಸ್ರಿಗೆ ಹಾಕೋವಾಗ ಸಿಕ್ತು. ಮೀನಿನ ಲೋಳೆ ಅಂಟ್ಕೊಂಡಿತ್ತು, ಮೀನು ಸಾರಿನ ಒಗ್ಗರಣೆ ವಾಸ್ನೆ ಬೇರೆ. ತೊಳ್ದು ಇಟ್ಕೊಂಡೆ. ಗಟ್ಟಿಯಾಗೈತಲ್ಲ."

"ಹಾಗಾದ್ರೆ ಅವತ್ತು ಅಂಗಳದಲ್ಲಿ ನಿಮಗೆ ಗೊತ್ತಿತ್ತು."

"ಹೆತ್ತೋಳಿಗೆ ಗೊತ್ತಾಗಲ್ವಾ? ಚಿಕ್ಕವನಿದ್ದಾಗ್ಲೇ ಕೆರೆ ತಾವ ಹೋಗಿ ತಿಂದ್ಕೊಂಡು ಬರೋನು." ಎಲೆ ಮಡಿಸಿದರು, ಬಾಯಿಗೆ ಹಾಕಲಿಲ್ಲ. "ನೋಡವ್ವ, ಮಗ ಕೆಟ್ಟ ಅಂದ್ರೆ ಈ ಮನೆ ಹೆಸ್ರು ಹೋಗ್ತದೆ. ಸೊಸೆ ಅಂದ್ರೆ ಅವಳ ತೌರಿನ ಹೆಸ್ರು ಹೋಗ್ತದೆ. ಏನು ಮಾಡ್ಲಿ ನಾನು? ನೀನೇ ಹೇಳು."

ಗಂಡ ಹೆದರಿ ಸುಳ್ಳು ಹೇಳಿದರು. ಅದನ್ನು ನಾನು ಹೇಗೋ ನುಂಗಿದ್ದೆ. ಅತ್ತೆ ಹೆದರಿರಲಿಲ್ಲ. ಯಾವ ನೀರಿಗೆ ಯಾವ ಕೊಂಡಿ ಎಂದು ನಾನು ಆರಿಸುತ್ತಿದ್ದ ಹಾಗೆ ತೂಗಿ ನೋಡಿ ನನ್ನನ್ನು ಆರಿಸಿದ್ದರು. ಎಣ್ಣೆ ತಿಕ್ಕಿದ ಆ ಕೈಗಳೇ ಅವು.

"ಆಗಿದ್ದು ಆಗೋಯ್ತು. ನಿಮ್ಮಾವಂಗೆ ನಾನು ಹೇಳಿವ್ನಿ, ಪ್ರಾಯಶ್ಚಿತ್ತ ಆದಂಗಾಯ್ತು ಅಂತ. ಈ ಸಲ ತಂಬಿಟ್ಟು ನೀನೇ ಕುಟ್ಟು. ನನ್ನ ರಟ್ಟೆ ಬಿದ್ದೋಗವೆ" ಎಂದರು.

ಪ್ರಾಯಶ್ಚಿತ್ತ. ಮಾಡದ ತಪ್ಪಿಗೆ.

ನಾನು ಕೊಂಡಿಯನ್ನು ಎರಡು ಬೆರಳಿನಲ್ಲಿ ಒತ್ತಿದೆ. ಅತ್ತೆಗೆ ಬಿಚ್ಚಲಾಗದಿದ್ದದ್ದು ನನಗೆ ತಕ್ಷಣ ತೆರೆದುಕೊಂಡಿತು. ಉಗ್ರಾಣದ ಕೈ ತೆಗೆದು ಅವರ ಮುಂದೆ ಇಟ್ಟೆ.

"ನಮ್ಮಪ್ಪನ ಎದುರಿಗೆ ನೀವಾಗಲಿ ಅವರಾಗಲಿ ನಿಜ ಹೇಳಿದ ದಿನ ಕುಟ್ತೀನಿ ಅತ್ತೆ."

"ಅದೊಂದು ಬ್ಯಾಡ ಕಣವ್ವ. ಬೀಗರ ಮುಂದೆ..."

"ಹಾಗಾದ್ರೆ ಬೇಡ."

ಆ ಮನೆಯಲ್ಲಿ ನಾನು ಬೇಡ ಎಂದದ್ದು ಅದೇ ಮೊದಲು. ಗಂಟಲು ಏರಿಸಿರಲಿಲ್ಲ, ಅತ್ತೆಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಗುವಷ್ಟು ಮೆಲ್ಲಗೆ ಅಂದಿದ್ದೆ. ಕೇಳಿಸಿತ್ತು. ಅವರು ಮಡಿಸಿದ ಎಲೆಯನ್ನು ತಟ್ಟೆಯಲ್ಲೇ ಇಟ್ಟುಬಿಟ್ಟರು.

ಕೊಂಡಿಯ ತುದಿಯನ್ನು ಮತ್ತೆ ಕೊಕ್ಕೆಗೆ ಕೂರಿಸಿದೆ. ಹಳೆಯ ಅಭ್ಯಾಸದಂತೆ ಎರಡು ಸಲ ಎಳೆದು ನೋಡಿ ಗೊಂಚಲನ್ನು ಅವರಿಗೆ ಕೊಟ್ಟೆ.

ಅಪ್ಪನಿಗೆ ಯಾರೂ ಹೇಳಲಿಲ್ಲ. ಕೆಲವು ವರ್ಷಗಳ ಮೇಲೆ ಅಪ್ಪ ಹಾಗೆಯೇ ತೀರಿಕೊಂಡರು. ನಾನು ಆ ಮನೆಯ ತಂಬಿಟ್ಟು ಮತ್ತೆ ಕುಟ್ಟಲಿಲ್ಲ. ಅಕ್ಕಿ ಆರಿಸಿ ಕೊಡುತ್ತಿದ್ದೆ, ಗಸಗಸೆ ಹುರಿದು ಕೊಡುತ್ತಿದ್ದೆ, ಕೊಬ್ಬರಿ ತುರಿದು ಕೊಡುತ್ತಿದ್ದೆ. ಒನಕೆ ಮಾತ್ರ ಮುಟ್ಟುತ್ತಿರಲಿಲ್ಲ. ಶ್ರಾವಣ ಶನಿವಾರದ ಬೆಳಿಗ್ಗೆ ನಾನು ಮಗುವಿನ ತಲೆ ಬಾಚುತ್ತ ಕೂತಿದ್ದರೆ ಹಿತ್ತಲಿನಿಂದ ಅತ್ತೆ ಕುಟ್ಟುವ ಸದ್ದು ಬರುತ್ತಿತ್ತು. ನಾಲ್ಕು ಏಟಿಗೊಮ್ಮೆ ನಿಂತು ಏದುಸಿರು ಬಿಡುವರು. ಮತ್ತೆ ಒನಕೆ ಎತ್ತುವರು. ಪ್ರತಿ ಏಟಿಗೂ ಅವರ ಸೊಂಟದ ಬೀಗದಕೈಗಳು ಝಲ್ ಎನ್ನುತ್ತಿದ್ದವು, ಒಂದೂ ಕಳಚಿ ಬೀಳದೆ.